ಸ್ಕ್ರಿಪ್ಟ್ ಓಡಿಸೋ ಮುಂಚೆ ಅದನ್ನ ಓದೋ ಶೆಲ್ ಯಾವ್ದು ಅಂತ ನೋಡ್ಕೋ

ಚಿ. ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಮೆಸೇಜ್ ಓದಿದೆ ಕಣಮ್ಮ. ಉಬುಂಟು ಲಿನಕ್ಸ್‌ನಲ್ಲಿ ಒಂದೊಂದೇ ಲೈನ್ ಟೈಪ್ ಮಾಡಿದ್ರೆ ಎಲ್ಲಾ ಸರಿಯಾಗಿ ನಡೆಯತ್ತೆ, ಅದನ್ನೇ ಫೈಲಿಗೆ ಹಾಕಿ ಎಸ್‌ಎಚ್ ಅಂತ ಕೊಟ್ಟು ಓಡಿಸಿದ್ರೆ ನಾಟ್ ಫೌಂಡ್ ಅನ್ನತ್ತೆ ಅಂತ ಬೇಜಾರು ಮಾಡ್ಕೊಂಡಿದ್ಯಲ್ಲ, ನಿನ್ನ ಲಾಜಿಕ್‌ನಲ್ಲಿ ತಪ್ಪೇನಿಲ್ಲ. ಟರ್ಮಿನಲ್‌ನಲ್ಲಿ ನೀನು ಟೈಪ್ ಮಾಡಿದ್ದನ್ನ ಓದ್ತಿರೋದು ಬ್ಯಾಶ್ ಅನ್ನೋ ಶೆಲ್, ಅಂದ್ರೆ ಕಮ್ಯಾಂಡ್ ಓದಿ ನಡೆಸೋ ಪ್ರೋಗ್ರಾಂ, ಎಸ್‌ಎಚ್ ಅಂತ ಕರೆದಾಗ ಬರೋದು ಡ್ಯಾಶ್ ಅನ್ನೋ ಬೇರೆ ಶೆಲ್. ಉಬುಂಟುನಲ್ಲಿ 2006ರ 6.10 ವರ್ಷನ್‌ನಿಂದ್ಲೂ ಹಾಗೇ, ಚಿಕ್ಕದು, ಬೂಟ್ ಬೇಗ ಆಗತ್ತೆ ಅಂತ ಹಾಕಿದ್ರು. ನೀನು ಇಫ್ ಜೊತೆ ಹಾಕೋ ಜೋಡಿ ಚೌಕ ಬ್ರಾಕೆಟ್ ಅದಕ್ಕೆ ಗೊತ್ತೇ ಇಲ್ಲ, ಯಾವ್ದೋ ಕಮ್ಯಾಂಡ್ ಹೆಸ್ರು ಅಂದ್ಕೊಂಡು ಹುಡುಕಿ ಸಿಗ್ಲಿಲ್ಲ ಅನ್ನತ್ತೆ, ಅಷ್ಟೇ.

ಮೊದಲ್ನೇ ಲೈನ್‌ನಲ್ಲಿ ಹ್ಯಾಶ್, ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬ್ಯಾಶ್ ಪಾತ್ ಬರೆದಿದೀನಲ್ಲ ಅಂತೀಯ. ಆ ಲೈನ್ ನೋಡೋದು ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದೂ ಫೈಲನ್ನ ನೇರವಾಗಿ ಓಡಿಸಿದ್ರೆ ಮಾತ್ರ. ಎಸ್‌ಎಚ್ ಅಂತ ನೀನೇ ಮುಂದೆ ಹಾಕಿದ್ರೆ ಡ್ಯಾಶ್‌ಗೆ ಅದು ಬರೀ ಕಾಮೆಂಟ್. ಹಾಗಾಗಿ ಚ್‌ಮಾಡ್‌ನಲ್ಲಿ ಎಕ್ಸಿಕ್ಯೂಟ್ ಪರ್ಮಿಷನ್ ಕೊಟ್ಟು, ಫೈಲ್ ಹೆಸ್ರಿನ ಮುಂದೆ ಡಾಟ್ ಸ್ಲ್ಯಾಶ್ ಹಾಕಿ ಓಡಿಸೋದು ಅಭ್ಯಾಸ ಮಾಡ್ಕೋ. ಶೆಲ್ ಕಮ್ಯಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿಗೂ ಪಾತ್ ಅಂತಲೇ ಹೆಸರು, ಅದ್ರಲ್ಲಿ ನೀನು ಈಗಿರೋ ಫೋಲ್ಡರ್ ಇರಲ್ಲ, ಬೇಕಂತಲೇ ಬಿಟ್ಟಿರೋದು, ಯಾರಾದ್ರೂ ಫೈಲ್ ಪಟ್ಟಿ ತೋರ್ಸೋ ಕಮ್ಯಾಂಡ್‌ದೇ ಹೆಸರು, ಎಲ್‌ಎಸ್ ಅಂತ ಹೆಸರಿಟ್ಟು ಕೆಟ್ಟ ಫೈಲ್ ಇಟ್ಟು ಹೋಗಿದ್ರೆ ಅದು ಓಡಬಾರ್ದಲ್ಲ.

ನಿನ್ನ ಫ್ರೆಂಡ್ ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ವರ್ಷನ್‌ನಿಂದ ಝಡ್‌ಶೆಲ್ ಅನ್ನೋ ಇನ್ನೊಂದು ಶೆಲ್ ಡೀಫಾಲ್ಟು, ಒಳಗಿರೋ ಬ್ಯಾಶ್ ಇನ್ನೂ ಹಳೇ 3.2, ಅಲ್ಲೂ ಓಡ್ಬೇಕು ಅಂದ್ರೆ ಅಲ್ಲೇ ಓಡಿಸಿ ನೋಡು.

ಇನ್ನೊಂದು, ಸ್ಕ್ರಿಪ್ಟ್ ಒಳಗೆ ಸಿಡಿ ಕಮ್ಯಾಂಡ್ ಕೊಟ್ಟು ಬೇರೆ ಫೋಲ್ಡರಿಗೆ ಹೋದ್ರೂ ಮುಗಿದ್ಮೇಲೆ ಟರ್ಮಿನಲ್ ಇದ್ದಲ್ಲೇ ಇರತ್ತೆ ಅಂದ್ಯಲ್ಲ. ಅದು ಬೇರೆ ಪ್ರೋಸೆಸ್ ಆಗಿ ಓಡಿ ಮುಗಿಯತ್ತೆ, ಅದು ಎಲ್ಲಿಗೆ ಹೋದ್ರೂ ನಿನ್ನ ಶೆಲ್ ಅಲುಗಾಡಲ್ಲ. ಈ ಶೆಲ್‌ನಲ್ಲೇ ನಡೀಬೇಕು ಅಂದ್ರೆ ಸೋರ್ಸ್ ಅನ್ನೋ ಕಮ್ಯಾಂಡ್ ಕೊಟ್ಟು ಓಡಿಸು.

ನಂಗೆ ನಿಜವಾಗ್ಲೂ ಭಯ ಇರೋದು ನೀನು ಬರೆದಿರೋ ಆ ಆರ್‌ಎಮ್ ಲೈನ್ ಬಗ್ಗೆ, ಅದು ಅಳಿಸೋ ಕಮ್ಯಾಂಡ್. ಫೋಲ್ಡರ್ ಹೆಸರು ಇಟ್ಟಿರೋ ವೇರಿಯಬಲ್ ಸುತ್ತ ಡಬಲ್ ಕೋಟ್ಸ್ ಇಲ್ಲ. ಫೋಲ್ಡರ್ ಹೆಸರು ಮದುವೆ ಫೋಟೋ ಅಂತಿದ್ರೆ ಬ್ಯಾಶ್ ಅದನ್ನ ಎರಡು ತುಂಡು ಮಾಡಿ ಮದುವೆ ಅನ್ನೋದೊಂದು, ಫೋಟೋ ಅನ್ನೋದೊಂದು ಅಂತ ಅಳಿಸೋಕೆ ಹೋಗತ್ತೆ. ಇನ್ನು ವೇರಿಯಬಲ್ ಖಾಲಿ ಇದ್ದು ಅದಾದ್ಮೇಲೆ ಸ್ಲ್ಯಾಶ್ ಸ್ಟಾರ್ ಇದ್ರೆ ಅಳಿಸೋದು ರೂಟ್‌ನಿಂದಲೇ, ಅಂದ್ರೆ ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಿಂದಲೇ ಶುರು, ಇದಕ್ಕೆ ಕೋಟ್ಸೂ ಸಾಲಲ್ಲ. ಮೇಲ್ಗಡೆ ಸೆಟ್ ಮೈನಸ್ ಯು ಹಾಕು, ವೇರಿಯಬಲ್‌ಗೆ ಏನೂ ಕೊಟ್ಟಿಲ್ಲದಿದ್ರೆ ಅಲ್ಲೇ ನಿಲ್ಲತ್ತೆ, ಕೊಟ್ಟಿದ್ದೇ ಖಾಲಿ ಆಗಿದ್ರೆ ಮಾತ್ರ ನೀನೇ ಚೆಕ್ ಮಾಡ್ಬೇಕು. ಮೊದಲ್ನೇ ಸಲ ಆರ್‌ಎಮ್ ಮುಂದೆ ಎಕೋ ಹಾಕಿ, ಅದು ಅಳಿಸದೆ ಬರೀ ಬರೆದು ತೋರ್ಸತ್ತೆ, ಏನೇನು ಅಳಿಸ್ತಿತ್ತು ಅಂತ ಕಣ್ಣಾರೆ ನೋಡು. ಸ್ಕ್ರಿಪ್ಟ್‌ನಲ್ಲಿ ತಪ್ಪು ಹುಡುಕೋ ಶೆಲ್‌ಚೆಕ್ ಇನ್‌ಸ್ಟಾಲ್ ಮಾಡ್ಕೋ, ಕೋಟ್ಸ್ ಬಿಟ್ಟಿದ್ರೆ ಲೈನ್ ನಂಬರ್ ಸಮೇತ ಹೇಳತ್ತೆ.

ಇಷ್ಟು ಸರಿ ಮಾಡಿ ಫೈಲ್ ಕಳ್ಸು, ಭಾನುವಾರ ಕೂತು ನೋಡ್ತೀನಿ. ಅಲ್ಲೀವರೆಗೂ ಸುಡೋ ಹಾಕಿ, ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ, ಮಾತ್ರ ಓಡಿಸ್ಬೇಡ ಕಣೇ.

ನಿನ್ನ ಚಿಕ್ಕಪ್ಪ