ಫಿಲ್ಮ್ ಮಾತ್ರ ತರಬೇಡಿ, ರೋಗಿಯನ್ನೂ ಕರೆತನ್ನಿ

ನಮ್ಮ ಕ್ಲಿನಿಕ್ಕಿಗೆ ಬರುವ ಎಲ್ಲರಿಗೂ, ಅವರ ಮನೆಯವರಿಗೂ ನಮಸ್ಕಾರ.

ರೋಗಿ ಬಾರದೆ ಬರೀ ಎಂಆರ್‌ಐ ಅಥವಾ ಸಿ.ಟಿ. ಫಿಲ್ಮ್ ತೋರಿಸಿ ಅಭಿಪ್ರಾಯ ಪಡೆಯುವ ವ್ಯವಸ್ಥೆಯನ್ನು ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಿಲ್ಲಿಸುತ್ತಿದ್ದೇವೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೋಟೊಗಳಿಗೂ ಇದೇ ಮಾತು. ಸೊಂಟ, ಕುತ್ತಿಗೆ, ತಲೆ, ತೊಂದರೆ ಎಲ್ಲಿಯದೇ ಇರಲಿ, ಹೊಸ ರೋಗಿಯನ್ನು ಮುಟ್ಟಿ ಪರೀಕ್ಷೆ ಮಾಡದೆ ಆಪರೇಷನ್ ಬೇಕು ಅಥವಾ ಬೇಡ ಎಂದು ನಮ್ಮ ಇಬ್ಬರು ನ್ಯೂರೋಸರ್ಜನ್‌ಗಳೂ (ಮಿದುಳು, ಬೆನ್ನುಹುರಿ, ನರಗಳ ಆಪರೇಷನ್ ಮಾಡುವ ವೈದ್ಯರು) ಇನ್ನು ಹೇಳುವುದಿಲ್ಲ. ಫಿಲ್ಮ್ ತೋರಿಸಲೆಂದು ಈಗಾಗಲೇ ದುಡ್ಡು ಕಟ್ಟಿರುವವರು ಅದನ್ನು ಪರೀಕ್ಷೆಯ ಶುಲ್ಕಕ್ಕೆ ಹೊಂದಿಸಿಕೊಳ್ಳಬಹುದು, ಇಲ್ಲವೇ ವಾಪಸ್ ಪಡೆಯಬಹುದು. ಪರೀಕ್ಷೆಯ ಶುಲ್ಕ ಹೆಚ್ಚಾಗಿಲ್ಲ.

ಈ ಪದ್ಧತಿ ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಬಸ್ಸಿರಲಿಲ್ಲ, ಜನ ಶಿವಮೊಗ್ಗಕ್ಕೆ ಬರುವಂತಿರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಫೋನು, ವಿಡಿಯೊ ಮೂಲಕ ಸಲಹೆ ಕೊಡಲು ದಾರಿಯಾಯಿತು. ಯಾರನ್ನು ಎದುರಿಗೇ ನೋಡಬೇಕು ಎಂಬ ತೀರ್ಮಾನವನ್ನು ಅದು ವೈದ್ಯರ ವಿವೇಚನೆಗೇ ಬಿಟ್ಟಿತ್ತು. ಬಸ್ಸುಗಳು ಮತ್ತೆ ಓಡಾಡತೊಡಗಿದರೂ ಅಭ್ಯಾಸ ಮಾತ್ರ ಹಾಗೇ ಉಳಿಯಿತು. ಹೊಸನಗರದಿಂದಲೋ ಸೊರಬದಿಂದಲೋ ಮಗ ಬೆಳಗಿನ ಬಸ್ಸಿಗೆ ದೊಡ್ಡ ಕವರ್ ಹಿಡಿದು ಬರುತ್ತಾನೆ, ಅಮ್ಮ ಮನೆಯಲ್ಲಿರುತ್ತಾರೆ. "ಅವ್ರಿಗೆ ಬಸ್ಸಲ್ಲಿ ಕೂರಕ್ಕಾಗಲ್ಲ ಸಾರ್, ಇದನ್ನ ನೋಡಿ ಆಪರೇಷನ್ ಬೇಕಾ ಹೇಳ್ಬಿಡಿ." ಇನ್ನು ವಾಟ್ಸ್‌ಆ್ಯಪ್‌ನದ್ದು ಬೇರೆ ಕಥೆ. ಅಡುಗೆಮನೆ ಕಿಟಕಿಗೆ ಫಿಲ್ಮ್ ಒತ್ತಿ ಹಿಡಿದು ತೆಗೆದ ಫೋಟೊ, ಅದರ ಮೇಲೆ ಕಿಟಕಿ ಸರಳಿನ ನೆರಳು. ಬೆನ್ನುಹುರಿ ಎಲ್ಲಿ ಮುಗಿಯಿತು, ಸರಳು ಎಲ್ಲಿ ಶುರುವಾಯಿತು ಎಂದು ನಾವು ಹುಡುಕುತ್ತಾ ಕೂರಬೇಕು.

ಫೋಟೊ ಚೆನ್ನಾಗಿ ಬಂದಿದ್ದರೂ ನಮ್ಮ ತೀರ್ಮಾನ ಇದೇ ಆಗುತ್ತಿತ್ತು. ಸೊಂಟನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೆ ಏನು ಕಾಣುತ್ತದೆ ಎಂದು ನೋಡಿದ ಅಧ್ಯಯನಗಳಿವೆ. ಅಂಥ ಮೂವತ್ತಮೂರು ಅಧ್ಯಯನಗಳನ್ನು, ಒಟ್ಟು 3,110 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಯಿತು. ಏನೂ ನೋವಿಲ್ಲದವರಲ್ಲೇ, ಇಪ್ಪತ್ತರ ವಯಸ್ಸಿಗೆ ಶೇ 30ರಷ್ಟು, ಐವತ್ತಕ್ಕೆ ಶೇ 60ರಷ್ಟು, ಎಂಬತ್ತಕ್ಕೆ ಶೇ 84ರಷ್ಟು ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿರುವುದು ಅದರಲ್ಲಿ ಕಂಡಿದೆ. ನಿಮ್ಮ ರಿಪೋರ್ಟಿನಲ್ಲಿ ನಾಲ್ಕು ಕಡೆ 'ಡಿಸ್ಕ್ ಬಲ್ಜ್' ಎಂದು ಬರೆದಿದ್ದರೆ ಅದು ಸುಳ್ಳಲ್ಲ. ನಿಮ್ಮ ನೋವಿಗೆ ಅದೇ ಕಾರಣವೋ ಅಲ್ಲವೋ ಎಂಬುದನ್ನು ಮಾತ್ರ ಆ ಕಾಗದ ಹೇಳುವುದಿಲ್ಲ. ಪಹಣಿಯಲ್ಲಿ ಬೆಳೆ ಕಾಲಂ ಇರುತ್ತದೆ, ಪೈರು ಹೇಗಿದೆ ಎಂದು ತಿಳಿಯಲು ಗದ್ದೆಗೇ ಇಳಿಯಬೇಕು.

"ನೀವು ಮಾಡೋದು ಮೊಣಕಾಲಿಗೆ ಸುತ್ತಿಗೆಯಲ್ಲಿ ಕುಟ್ಟೋದು ತಾನೇ?" ಎಂದು ಕೇಳುವವರಿದ್ದಾರೆ. ಕುಟ್ಟುತ್ತೇವೆ, ನಿಜ. ಅದರ ಜೊತೆಗೆ ಮಲಗಿಸಿ ಕಾಲನ್ನು ನೇರವಾಗಿ ಮೇಲೆತ್ತಿ, ಸೆಳೆತ ಎಷ್ಟು ಎತ್ತರಕ್ಕೆ ಶುರುವಾಗುತ್ತದೆ, ಮೊಣಕಾಲಿನ ಕೆಳಗೆ ಇಳಿಯುತ್ತದೆಯೇ ಎಂದು ನೋಡುತ್ತೇವೆ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಲು ಹೇಳಿ ನಾವು ಕೆಳಕ್ಕೆ ಒತ್ತುತ್ತೇವೆ. ಅದು ಸೋತರೆ ಸೊಂಟದ ಐದನೇ ನರದ ಕಡೆ ಅನುಮಾನ. ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅದರ ಕೆಳಗಿನ ನರ. ಹೀಗೆ ಕಾಲು ಹೇಳುವುದೂ ಫಿಲ್ಮ್ ತೋರಿಸುವುದೂ ಒಂದೇ ಜಾಗಕ್ಕೆ ಕೂಡಿಬಂದರೆ ಮಾತ್ರ ಆಪರೇಷನ್ ಮಾತಿಗೆ ಅರ್ಥ. ಆಗಲೂ ಆತುರವಿಲ್ಲ. ಡಿಸ್ಕ್ ಜಾರಿ ಕಾಲು ಸೆಳೆಯುವವರಲ್ಲಿ ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ಮಾತ್ರೆ, ವ್ಯಾಯಾಮದಲ್ಲೇ ಹತೋಟಿಗೆ ಬರುತ್ತದೆ. ಶಕ್ತಿ ಕುಂದುತ್ತಿದೆಯೇ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ, ಅದು ಫಿಲ್ಮಿನಲ್ಲಿ ಕಾಣುವ ವಿಷಯವಲ್ಲ.

ಎಷ್ಟೋ ಸಲ ಸ್ಕ್ಯಾನ್ ಆಗಿರುವ ಜಾಗವೇ ಬೇರೆ, ತೊಂದರೆಯ ಜಾಗವೇ ಬೇರೆ. ನಡಿಗೆ ಬಿಗಿಯಾಗಿದೆ, ಕಾಲು ಎಳೆಯುತ್ತಾರೆ ಎಂದು ಸೊಂಟದ ಎಂಆರ್‌ಐ ಮಾಡಿಸಿಕೊಂಡು ಬಂದಿರುತ್ತಾರೆ. ಇಂಥವರಿಗೆ ನಾವು ಕೇಳುವ ಪ್ರಶ್ನೆ ಒಂದಿದೆ: "ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೆ ನಿಮಗೆ ಗೊತ್ತಾಗುತ್ತಾ?" ಗೊತ್ತಾಗುವುದಿಲ್ಲ, ಪಕ್ಕದವರು ಹೇಳಬೇಕು ಎಂದರೆ, ಅಂಗಿ ಗುಂಡಿ ಹಾಕಲು, ಅನ್ನ ಕಲಸಲು ಬೆರಳು ತಡವರಿಸುತ್ತವೆ ಎಂದರೆ, ನಮ್ಮ ಕಣ್ಣು ಕುತ್ತಿಗೆಗೆ ಹೋಗುತ್ತದೆ. ಅಲ್ಲಿ ಬೆನ್ನುಹುರಿಯೇ ಒತ್ತಿಕೊಂಡಿದ್ದರೆ ಸೊಂಟದ ಫಿಲ್ಮನ್ನು ಎಷ್ಟು ದಿಟ್ಟಿಸಿದರೂ ಪ್ರಯೋಜನವಿಲ್ಲ. ಕುತ್ತಿಗೆ ನೋವೇ ಇಲ್ಲದೆಯೂ ಇದು ಆಗಬಹುದು, ಅದಕ್ಕೇ ಯಾರಿಗೂ ಹೊಳೆಯುವುದಿಲ್ಲ.

ತಲೆಯ ವಿಷಯದಲ್ಲೂ ಅಷ್ಟೇ. ಫಿಟ್ಸ್ ಬಂದವರ ಸ್ಕ್ಯಾನಿನಲ್ಲಿ ಸಣ್ಣ ಉಂಗುರದಂಥ ಕಲೆ ಕಂಡರೆ ಮನೆಯವರು 'ಗೆಡ್ಡೆ' ಎಂದು ಕಂಗಾಲಾಗುತ್ತಾರೆ. ನಮ್ಮ ದೇಶದಲ್ಲಿ ಅದು ಲಾಡಿಹುಳುವಿನ ಮರಿಕೋಶವೋ ಕ್ಷಯದ ಗಂಟೋ ಆಗಿರುವುದು ಸಾಮಾನ್ಯ. ಎರಡಕ್ಕೂ ಬಹುಪಾಲು ಮಾತ್ರೆಯೇ ಚಿಕಿತ್ಸೆ. ಯಾವುದು ಎಂದು ನಿರ್ಧರಿಸಲು ರೋಗಿಯ ಜ್ವರ, ತೂಕ, ಎದೆಯ ಎಕ್ಸ್‌ರೇ, ಫಿಟ್ಸ್ ಬಂದ ರೀತಿ ಎಲ್ಲವೂ ಬೇಕು. ಫಿಟ್ಸ್ ನೋಡಿದವರು ಯಾರೋ ಅವರೇ ಜೊತೆಗೆ ಬನ್ನಿ. ಮೊಬೈಲಿನಲ್ಲಿ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು, ಅದನ್ನು ಖಂಡಿತ ನೋಡುತ್ತೇವೆ.

ಇನ್ನು ಕೆಲವು ತೊಂದರೆಗಳಿಗೆ ನಮ್ಮ ಟೋಕನ್ ಕಾಯಲೇಬೇಡಿ. ಸೊಂಟನೋವಿನ ಜೊತೆ ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲವಿಸರ್ಜನೆಯ ಜಾಗದ ಸುತ್ತ ಮರಗಟ್ಟುವುದು, ಕಾಲುಗಳು ದಿಢೀರ್ ಸೋಲುವುದು ಕಂಡರೆ ಬೆಳಗಾಗಲಿ ಎನ್ನಬೇಡಿ. ನರದ ಗೊಂಚಲೇ ಒತ್ತಿಹೋಗಿರಬಹುದು. ಅಲ್ಲಿ ದಿನದ ಲೆಕ್ಕವಲ್ಲ, ಗಂಟೆಯ ಲೆಕ್ಕ. ತಲೆಗೆ ಪೆಟ್ಟು ಬಿದ್ದು ಪದೇ ಪದೇ ವಾಂತಿ, ಹೆಚ್ಚುತ್ತಿರುವ ಮಂಪರು, ಫಿಟ್ಸ್, ಮೂಗು–ಕಿವಿಯಿಂದ ನೀರು ಅಥವಾ ರಕ್ತ ಇದ್ದರೂ, ಹಿಂದೆಂದೂ ಕಾಣದಂಥ ತಲೆನೋವು ಸಿಡಿಲಿನಂತೆ ಒಮ್ಮೆಲೇ ಬಂದರೂ 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಐಸಿಯು ಇಲ್ಲ. ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗಕ್ಕೋ ಸಿ.ಟಿ. ಇರುವ ಹತ್ತಿರದ ದೊಡ್ಡ ಆಸ್ಪತ್ರೆಗೋ ಮೊದಲು ಹೋಗಿ. ಏನೂ ನೋಡಿಸದೆ ಸೀದಾ ನಿಮ್ಹಾನ್ಸ್‌ಗೆ ಎಂದು ಕಾರು ಹತ್ತಿಸುವವರಿದ್ದಾರೆ. ಇಲ್ಲಿಂದ ಬೆಂಗಳೂರಿಗೆ ಸುಮಾರು ಮುನ್ನೂರು ಕಿಲೋಮೀಟರ್, ಉಸಿರಾಟ, ರಕ್ತದೊತ್ತಡ ಸ್ಥಿರವಾಗದೆ ಆ ದಾರಿ ಹಿಡಿಯುವುದು ಅಪಾಯ.

ಅಡಿಕೆ ಕೊಯ್ಲು ಹತ್ತಿರ ಬರುತ್ತಿರುವುದರಿಂದ ಇದನ್ನೂ ಹೇಳಿಬಿಡುತ್ತೇವೆ. ಮರದಿಂದ ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ತರುವುದಂತೂ ಬೇಡವೇ ಬೇಡ. ತಲೆ, ಬೆನ್ನು, ಸೊಂಟ ಒಂದೇ ಸಾಲಿನಲ್ಲಿ ಇರುವಂತೆ ನಾಲ್ಕು ಜನ ಸೇರಿ ಹಲಗೆಯ ಮೇಲೆ ಹೊರಳಿಸಿ, ಕುತ್ತಿಗೆಯ ಎರಡೂ ಬದಿಗೆ ಬಟ್ಟೆಯ ಸುರುಳಿ ಇಡಿ. ಮುರಿದ ಮೂಳೆಯ ಅಂಚು ಬಿದ್ದಾಗ ಮಾತ್ರವಲ್ಲ, ಎತ್ತುವಾಗಲೂ ಬೆನ್ನುಹುರಿಗೆ ಹಾನಿ ಮಾಡಬಹುದು.

ವಯಸ್ಸಾದವರು ಬಚ್ಚಲಲ್ಲಿ ಜಾರಿ ತಲೆ ತಾಗಿಸಿಕೊಂಡು ಎರಡು ಮೂರು ವಾರದ ಮೇಲೆ ಮಂಕಾದರೆ, ನಡಿಗೆ ತಪ್ಪಿದರೆ, ವಯಸ್ಸಿನ ಮೇಲೆ ಹಾಕಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಲ್ಲಿ ಅನುಮಾನ ಇನ್ನೂ ಜಾಸ್ತಿ. ಮಿದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ರಕ್ತ ಸೇರಿರಬಹುದು. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಅದನ್ನು ಹೊರತೆಗೆದರೆ ಬಹಳಷ್ಟು ಮಂದಿ ಮೊದಲಿನಂತಾಗುತ್ತಾರೆ. ಇಂಥವರಿಗೆ ಅದೇ ದಿನ ಟೋಕನ್ ಕೊಡುತ್ತೇವೆ, ಫೋನಿನಲ್ಲಿ 'ಬಿದ್ದಿದ್ದರು' ಎಂದು ಹೇಳಿದರೆ ಸಾಕು.

ಮೊದಲಿನಂತೆಯೇ ಮುಂದುವರಿಯುವುದೂ ಇದೆ. ನಮ್ಮಲ್ಲಿ ಆಪರೇಷನ್ ನಿಗದಿಯಾಗಿ, ಬೇರೆ ಆಸ್ಪತ್ರೆಯಲ್ಲಿ ನಮ್ಮ ವೈದ್ಯರಿಂದಲೇ ಅದನ್ನು ಮಾಡಿಸಿಕೊಂಡವರು ಹೊಲಿಗೆ, ಮಾತ್ರೆ ವಿಷಯಕ್ಕೆ ಫೋನ್ ಮಾಡಬಹುದು, ಗಾಯದ ಫೋಟೊ ಕಳಿಸಬಹುದು. ತಾಲ್ಲೂಕು ಆಸ್ಪತ್ರೆಗಳ ವೈದ್ಯರು ತಮ್ಮೆದುರಿನ ರೋಗಿಯ ಸಿ.ಟಿ. ಕಳಿಸಿ ಮಾತನಾಡುವುದು ಯಾವ ಹೊತ್ತಿನಲ್ಲಾದರೂ ಸರಿ. ರೋಗಿಯನ್ನು ನೋಡಿದವರೊಬ್ಬರು ಆ ಕಡೆ ಇದ್ದಾರಲ್ಲ.

ಒಬ್ಬೊಬ್ಬರಿಗೆ ಅರ್ಧ ಗಂಟೆ ಇಡುವುದರಿಂದ ದಿನದ ಟೋಕನ್ ಕಡಿಮೆಯಾಗುತ್ತವೆ. ತುರ್ತಿಲ್ಲದವರು ಈಗಿನದಕ್ಕಿಂತ ಹೆಚ್ಚು ದಿನ ಕಾಯಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹನ್ನೊಂದರಿಂದ ಒಂದು ಗಂಟೆಯ ಟೋಕನ್‌ಗಳನ್ನು ದೂರದ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಬರುವವರಿಗೇ ಮೀಸಲಿಡುತ್ತೇವೆ. ಕೂರಲು ಆಗದವರು ಮೊದಲೇ ತಿಳಿಸಿದರೆ ಸ್ಟ್ರೆಚರ್ ಬಾಗಿಲಿಗೆ ಬರುತ್ತದೆ, ಕಾಯುವಾಗ ಮಲಗಿರಲು ಹಾಸಿಗೆ ಇದೆ.

ಹಳೆಯ ಫಿಲ್ಮುಗಳ ಜೊತೆ ಸಿ.ಡಿ.ಯನ್ನೂ ತನ್ನಿ. ಫಿಲ್ಮಿನಲ್ಲಿ ಅಚ್ಚಾಗುವುದು ಆಯ್ದ ಚಿತ್ರಗಳು, ಸಿ.ಡಿ.ಯಲ್ಲಿ ಪೂರ್ತಿ ಇರುತ್ತವೆ. ಸ್ಕ್ಯಾನ್ ಆಗಿಲ್ಲದಿದ್ದರೆ ನಮಗಾಗಿ ಮಾಡಿಸಿಕೊಂಡು ಬರಬೇಡಿ, ಬೇಕೋ ಬೇಡವೋ ನೋಡಿ ಹೇಳುತ್ತೇವೆ. ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯ ಬದಲು ಮಾತ್ರೆ ಚೀಲವನ್ನೇ ತಂದರೆ ಅನುಕೂಲ. ಮತ್ತೆ, ದಿನಾ ಹಾಕುವ ಚಪ್ಪಲಿಯಲ್ಲೇ ಬನ್ನಿ, ಸವೆದ ಅಂಚು ನೋಡಿದರೆ ಕಾಲು ಎಳೆಯುವುದು ತಿಳಿಯುತ್ತದೆ.

ಸಂದೇಹವಿದ್ದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೌಂಟರಿಗೆ ಫೋನ್ ಮಾಡಿ.

ಇಂತಿ,
ಕ್ಲಿನಿಕ್ಕಿನ ಪಾಲುದಾರರು ಮತ್ತು ಸಿಬ್ಬಂದಿ
ಶಿವಮೊಗ್ಗ