ಬಸ್ಸಿನ ಟೈಮ್ ನೋಡಿ ಕೋರ್ಸ್ ಆರಿಸುವ ಮಕ್ಕಳು: ಉನ್ನತ ಶಿಕ್ಷಣ ಸಚಿವರಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್.

ನಾನು ಸುಂಟಿಕೊಪ್ಪದಲ್ಲಿ ಒಂದು ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೇನೆ. ಝೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೊ, ಆನ್‌ಲೈನ್ ಅರ್ಜಿ ಇವೇ ನನ್ನ ಕೆಲಸ. ಪಿಯುಸಿ ರಿಸಲ್ಟ್ ಬಂದಮೇಲೆ ಎರಡು ಮೂರು ತಿಂಗಳು ಅಂಗಡಿ ತುಂಬ ಕಾಲೇಜಿಗೆ ಸೇರುವ ಮಕ್ಕಳೇ. ಸರ್ಕಾರದ ಯುಯುಸಿಎಂಎಸ್ ವೆಬ್‌ಸೈಟಿನಲ್ಲಿ ಡಿಗ್ರಿ ಅರ್ಜಿ, ಎಸ್ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಮಕ್ಕಳು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಅಪ್ಪನೋ ಅಮ್ಮನೋ ಹಿಂದೆ ನಿಂತಿರುತ್ತಾರೆ. ಅರ್ಜಿ ಮುಗಿಯುವ ಹೊತ್ತಿಗೆ ಹಿಂದಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ.

"ಇಷ್ಟೆಲ್ಲ ಓದಿಸಿದ್ರೆ ಏನಾದ್ರೂ ಉಪಯೋಗ ಆಗುತ್ತಾ ಮೇಡಂ?"

ಈ ಪ್ರಶ್ನೆಗೆ ನನ್ನ ಹತ್ತಿರ ಅರ್ಧ ಉತ್ತರ ಇದೆ. ಇನ್ನರ್ಧ ನಿಮ್ಮ ಹತ್ತಿರ ಇದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಹೋದ ಜೂನ್‌ನಲ್ಲಿ ಒಂದು ಮಧ್ಯಾಹ್ನ. ಹೊರಗೆ ಜೋರು ಮಳೆ. ತಾಯಿ ಮಗಳು ಒಂದೇ ಪ್ಲಾಸ್ಟಿಕ್ ಹೊದ್ದುಕೊಂಡು ಒಳಗೆ ಬಂದರು. ತಾಯಿ ಎದೆಗೆ ಒಂದು ಕಟ್ಟು ಒತ್ತಿ ಹಿಡಿದಿದ್ದರು. ಗೊಬ್ಬರದ ಚೀಲದ ಒಳಗಡೆ ಒಂದು ಪ್ಲಾಸ್ಟಿಕ್ ಇರುತ್ತಲ್ಲ, ಅದನ್ನು ತೊಳೆದು ಒಣಗಿಸಿ ಅದರಲ್ಲಿ ಸುತ್ತಿದ್ದರು. ಬಿಚ್ಚಿದರೆ ಒಳಗೆ ಮಗಳ ಮಾರ್ಕ್ಸ್ ಕಾರ್ಡ್. 600ಕ್ಕೆ 521. ಆ ತಾಯಿಯ ಸೀರೆ ಮೊಣಕಾಲವರೆಗೆ ಒದ್ದೆಯಾಗಿತ್ತು. ಮಾರ್ಕ್ಸ್ ಕಾರ್ಡಿಗೆ ಒಂದು ಹನಿ ತಾಗಿರಲಿಲ್ಲ.

ಹುಡುಗಿ ಸೈನ್ಸ್ ಓದಿದವಳು. ಬಿಎಸ್ಸಿ ಮಾಡಬೇಕು, ಕೆಮಿಸ್ಟ್ರಿ ಅಂದರೆ ಇಷ್ಟ ಎಂದಳು. ಕಾಲೇಜು ಹೇಗಿದೆ, ಮೇಷ್ಟ್ರು ಹೇಗೆ ಪಾಠ ಮಾಡುತ್ತಾರೆ ಎಂದು ಕೇಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಒಂದೇ. "ಅಕ್ಕ, ಲ್ಯಾಬ್ ಇರೋ ದಿನ ಎಷ್ಟು ಗಂಟೆಗೆ ಬಿಡ್ತಾರೆ?"

ಅವರ ಲೈನ್ ಮನೆ, ಅಂದರೆ ತೋಟದ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಮನೆ, ಮೇನ್ ರೋಡಿನಿಂದ ಎರಡೂವರೆ ಕಿಲೋಮೀಟರ್ ಒಳಗೆ. ದಾರಿಯ ಎರಡೂ ಬದಿ ಕಾಫಿ ತೋಟ. ಸಂಜೆ ಆರರ ಮೇಲೆ ಆ ದಾರಿಯಲ್ಲಿ ಆನೆ ಇರುತ್ತದೆ. ಇರಬಹುದು ಎಂದು ಹೇಳುತ್ತಿಲ್ಲ ಸರ್, ಇರುತ್ತದೆ. ಮಗಳು ಬರುವುದು ತಡವಾದರೆ ಅಪ್ಪ ಟಾರ್ಚು, ಪಟಾಕಿ ಹಿಡಿದು ರೋಡಿಗೆ ಬಂದು ನಿಲ್ಲಬೇಕು. ವಾರಕ್ಕೆ ಮೂರು ದಿನ, ಮೂರು ವರ್ಷ. ತಾಯಿ ಮಗಳು ನನ್ನ ಎದುರಿಗೇ ಕುಳಿತು ಲೆಕ್ಕ ಹಾಕಿದರು. ಲ್ಯಾಬ್ ಮುಗಿಸಿ ಓಡಿ ಬಂದರೂ ಸರಿಯಾದ ಬಸ್ ಸಿಗುವುದಿಲ್ಲ. ಅದರ ಮುಂದಿನ ಬಸ್ಸಿಗೆ ಬಂದರೆ ಕತ್ತಲಾಗುತ್ತದೆ. ಕೊನೆಗೆ ಬಿ.ಎ. ಎಂದು ಹಾಕಿಸಿದಳು. ಆ ಕ್ಲಾಸು ಮಧ್ಯಾಹ್ನವೇ ಮುಗಿಯುತ್ತದೆ. ಮೌಸ್ ಹಿಡಿದವಳು ನಾನು. ಒತ್ತಿದವಳೂ ನಾನೇ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿ.ಎ. ಕೆಟ್ಟ ಓದು ಎಂದು ನಾನು ಹೇಳುತ್ತಿಲ್ಲ. ಇಷ್ಟಪಟ್ಟು ಬಿ.ಎ. ಸೇರುವ ಮಕ್ಕಳನ್ನೂ ನೋಡಿದ್ದೇನೆ, ಅವರ ಕಣ್ಣೇ ಬೇರೆ ಇರುತ್ತದೆ. ಆದರೆ ಬಸ್ಸಿನ ಟೈಮ್ ನೋಡಿ ಆರಿಸಿದ ಡಿಗ್ರಿ ಮುಂದೆ ಕೈ ಹಿಡಿಯದೆ ಹೋದರೆ ಊರಿನವರು ಏನು ಹೇಳುತ್ತಾರೆ ಗೊತ್ತಾ? "ನೋಡು, ಓದಿ ಏನು ಬಂತು?" ಬಸ್ಸಿನ ಮಾತು ಆಗ ಯಾರ ನೆನಪಿಗೂ ಬರುವುದಿಲ್ಲ.

ಇನ್ನು ನನ್ನ ಹತ್ತಿರ ಇರುವ ಅರ್ಧ ಉತ್ತರ.

ನಾನೂ ಲೈನ್ ಮನೆಯಲ್ಲೇ ಬೆಳೆದವಳು. ಅಪ್ಪ ಅಮ್ಮ ಪಿರಿಯಾಪಟ್ಟಣದ ಕಡೆಯಿಂದ ಬಂದು ತೋಟ ಸೇರಿದವರು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ್ದು ನಾನೇ ಮೊದಲು. ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ಅಪ್ಪ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಅಮ್ಮ ಇನ್ನೂ ಕೆಲಸದಲ್ಲಿದ್ದರು, ಹಾಗಾಗಿ ಲೈನ್ ಮನೆ ಉಳಿದಿತ್ತು. ಅಪ್ಪನ ಪಿಎಫ್ ದುಡ್ಡು ಮಾತ್ರ ಬಂದಿರಲಿಲ್ಲ. ಆಧಾರ್‌ನಲ್ಲಿ ಅವರ ಹೆಸರು ಒಂಥರ, ತೋಟದ ದಾಖಲೆಯಲ್ಲಿ ಇನ್ನೊಂಥರ. ಹುಟ್ಟಿದ ದಿನವೂ ಬೇರೆ. ಹೋದಲ್ಲೆಲ್ಲ "ಇದು ಆಗಲ್ಲ" ಅಂತ ಕಳಿಸುತ್ತಿದ್ದರು. ಯಾಕೆ ಆಗಲ್ಲ ಅಂತ ಕೇಳುವ ಧೈರ್ಯ ಅಪ್ಪನಿಗೆ ಇರಲಿಲ್ಲ.

ನಾನು ಕಾಲೇಜಿನ ಲೈಬ್ರರಿಯಲ್ಲಿ ಕೂತು ಹುಡುಕಿದೆ. ಕೆಲಸ ಕೊಟ್ಟವರು, ಕೆಲಸ ಮಾಡಿದವರು ಇಬ್ಬರೂ ಸಹಿ ಹಾಕಿ ತಪ್ಪು ತಿದ್ದಿಸುವ ಜಂಟಿ ಘೋಷಣೆ ಎಂಬ ಅರ್ಜಿ ಇದೆ ಎಂದು ಗೊತ್ತಾಯಿತು. ತುಂಬಿದೆ. ತೋಟದ ಆಫೀಸಿಗೆ ಅಪ್ಪನ ಜೊತೆ ಹೋದೆ. ಅಲ್ಲಿ ಅಪ್ಪ ಯಾವತ್ತೂ ಕೂತವರಲ್ಲ. ಆ ದಿನ ಅವರಿಗೆ ಕುರ್ಚಿ ಕೊಟ್ಟರು. ನಾಲ್ಕು ತಿಂಗಳಲ್ಲಿ ದುಡ್ಡು ಬಂತು.

ಡಿಗ್ರಿಗೆ ಬೆಲೆ ಇದೆಯಾ ಅಂತ ಲೆಕ್ಕ ಹಾಕುವವರು ಸಂಬಳ ನೋಡುತ್ತಾರೆ. ನೋಡಬೇಕು, ತಪ್ಪಿಲ್ಲ. ಆದರೆ ಆ ಕುರ್ಚಿಯನ್ನೂ ಲೆಕ್ಕಕ್ಕೆ ಹಿಡಿಯಿರಿ ಸರ್. ಒಂದು ಲೈನಿನಲ್ಲಿ ಒಬ್ಬಳು ಡಿಗ್ರಿ ಮಾಡಿದರೆ ಇಡೀ ಲೈನಿನ ಕಾಗದ ಪತ್ರ ಅವಳ ಕೈಗೆ ಬರುತ್ತದೆ. ಆಸ್ಪತ್ರೆ ಚೀಟಿ, ಬ್ಯಾಂಕ್ ನೋಟಿಸು, ರೇಷನ್ ಕಾರ್ಡ್ ತಿದ್ದುಪಡಿ ಎಲ್ಲದಕ್ಕೂ ಅವಳನ್ನೇ ಕರೆಯುತ್ತಾರೆ. ಕೆಲಸದ ಮಾತಿಗೆ ಬಂದರೂ ಅಷ್ಟೇ. ಪೊಲೀಸ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಸಾಕು. ಪಿಎಸ್ಐ ಆಗಬೇಕೆಂದರೆ ಡಿಗ್ರಿ ಬೇಕು. ಪಂಚಾಯಿತಿಯ ಪಿಡಿಒ, ಸರ್ಕಾರಿ ಕಚೇರಿಯ ಎಫ್‌ಡಿಎ ಆಗಲೂ ಡಿಗ್ರಿ ಬೇಕು. ಡಿಗ್ರಿ ಇಲ್ಲದಿದ್ದರೆ ಆ ಅರ್ಜಿಯ ಪುಟ ಮುಂದಕ್ಕೇ ಹೋಗುವುದಿಲ್ಲ. ದಿನಾ ನೋಡುತ್ತೇನೆ.

ಇನ್ನೊಂದು ಮುಖವನ್ನೂ ಹೇಳಲೇಬೇಕು. ಯುವನಿಧಿಗೆ ಅರ್ಜಿ ಹಾಕಲು ಬರುವ ಹುಡುಗ ಹುಡುಗಿಯರು ನನಗಿಂತ ಚಿಕ್ಕವರು. ಡಿಗ್ರಿ ಆಗಿದೆ, ಕೆಲಸ ಇಲ್ಲ. ತಿಂಗಳಿಗೆ 3,000 ರೂಪಾಯಿ, ಎರಡು ವರ್ಷ. ಆ ದುಡ್ಡು ಅವರಿಗೆ ಬೇಕು, ಕೊಡುತ್ತಿರುವುದಕ್ಕೆ ಸರ್ಕಾರಕ್ಕೆ ಥ್ಯಾಂಕ್ಸ್. ಆದರೆ "ಕೆಲಸ ಸಿಕ್ಕಿಲ್ಲ" ಎಂದು ಘೋಷಣೆ ಕೊಡುವಾಗ ಅವರು ನನ್ನ ಮುಖ ನೋಡುವುದಿಲ್ಲ. ಅದೇ ಹೊತ್ತಿಗೆ ಹತ್ತನೇ ಕ್ಲಾಸಿಗೆ ಬಿಟ್ಟು ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಕಲಿತ ಹುಡುಗ ಒಂದು ಸೀಸನ್‌ನಲ್ಲಿ ಚೆನ್ನಾಗಿ ದುಡಿಯುತ್ತಾನೆ. ಐಟಿಐ ಮಾಡಿ ಕಳೆ ತೆಗೆಯುವ ಮೆಷಿನ್ ರಿಪೇರಿ ಮಾಡುವವನ ಫೋನಿಗೆ ಬಿಡುವೇ ಇಲ್ಲ. ಅವರನ್ನು ನೋಡಿದರೆ ನನಗೆ ಖುಷಿಯಾಗುತ್ತದೆ. ಎಲ್ಲರೂ ಯೂನಿವರ್ಸಿಟಿಗೆ ಹೋಗಲೇಬೇಕು ಅಂತ ಏನಿಲ್ಲ. ಬೇಡ ಅಂತ ತೀರ್ಮಾನ ಮಾಡುವವರು ಆ ಹುಡುಗ, ಆ ಹುಡುಗಿಯೇ ಆಗಿರಬೇಕು. ದೂರ ತೀರ್ಮಾನ ಮಾಡಬಾರದು.

ನನ್ನ ವಿಷಯದಲ್ಲಿ ದೂರವೇ ತೀರ್ಮಾನ ಮಾಡಿತು. 1980ರಿಂದ ನಮ್ಮ ಜಿಲ್ಲೆಯ ಡಿಗ್ರಿ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ನನಗೆ ಗ್ರಂಥಾಲಯ ವಿಜ್ಞಾನ ಓದಬೇಕಿತ್ತು. ಪಿಎಫ್ ಅರ್ಜಿ ಸಿಕ್ಕ ದಿನವೇ ಆ ಆಸೆ ಹುಟ್ಟಿದ್ದು. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ ಆಗಲೇ ಸ್ನಾತಕೋತ್ತರ ಕೇಂದ್ರ ಇತ್ತು, ಆದರೆ ನನಗೆ ಬೇಕಾದ ಕೋರ್ಸು ಇದ್ದದ್ದು ಮಂಗಳೂರಿನ ಹತ್ತಿರ ಕೊಣಾಜೆಯ ಮುಖ್ಯ ಕ್ಯಾಂಪಸ್‌ನಲ್ಲಿ. ಮಡಿಕೇರಿಯಿಂದ ಘಟ್ಟ ಇಳಿದು ಸುಮಾರು 140 ಕಿಲೋಮೀಟರ್. ಹೋಗಲು ತಯಾರಾಗಿದ್ದೆ. ಅಮ್ಮ ಒಂದು ಹೊಸ ಬ್ಯಾಗ್ ಕೊಡಿಸಿದ್ದರು.

ಅದು 2018ರ ಆಗಸ್ಟ್. ಏನಾಯಿತು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಮಾದಾಪುರದ ಕಡೆ ಬೆಟ್ಟಗಳೇ ಜಾರಿದವು. ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿತು. ನಮ್ಮ ಲೈನ್ ಉಳಿಯಿತು, ಆದರೆ ಮಂಗಳೂರಿಗೆ ಹೋಗುವ ದಾರಿ ಉಳಿಯಲಿಲ್ಲ. ಮತ್ತೆ ಬಸ್ ಓಡುವಷ್ಟರಲ್ಲಿ ಅಪ್ಪನ ಮನಸ್ಸು ಬದಲಾಗಿತ್ತು. "ಬೇಡ ಮಗಳೇ. ನೀನು ಆ ಕಡೆ, ನಾವು ಈ ಕಡೆ. ನಡುವೆ ಇಂಥ ರೋಡು" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ವಾರ ನೋಡಿದ್ದನ್ನು ನೋಡಿದ ಯಾವ ಅಪ್ಪನೂ ಹಾಗೇ ಹೇಳುತ್ತಿದ್ದರು.

ಅದಕ್ಕೇ 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾದಾಗ ನಾನು ಅಂಗಡಿಯಲ್ಲಿ ಸಿಹಿ ಹಂಚಿದೆ. ನನ್ನ ಓದಿನ ಕಾಲ ಮುಗಿದಿತ್ತು. ನನ್ನ ಅಂಗಡಿಗೆ ಬರುವ ಮಕ್ಕಳ ಕಾಲ ಶುರುವಾಗುತ್ತಿತ್ತು.

ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬೇಕು ಎಂದು ಸಂಪುಟ ಉಪಸಮಿತಿ ಹೇಳಿತು. ಅದರಲ್ಲಿ ಕೊಡಗಿನ ಹೆಸರೂ ಇತ್ತು. ಹಣ ಇಲ್ಲ, ಸಿಬ್ಬಂದಿ ಇಲ್ಲ, ಕಟ್ಟಡ ಇಲ್ಲ ಎಂದರು. ಇಲ್ಲ ಎನ್ನುವುದು ನಿಜವೇ. ಕೊಟ್ಟಿದ್ದರೆ ತಾನೇ ಇರಲು ಸಾಧ್ಯ? ಆ ಸುದ್ದಿ ಬಂದಮೇಲೆ ನನ್ನ ಅಂಗಡಿಯಲ್ಲಿ ಹೊಸ ಪ್ರಶ್ನೆ ಶುರುವಾಯಿತು. "ಇಲ್ಲಿ ಸೇರಿದರೆ ಸರ್ಟಿಫಿಕೇಟು ಯಾವ ಯೂನಿವರ್ಸಿಟಿಯದು ಕೊಡ್ತಾರೆ?" "ನಡುವೆ ಮುಚ್ಚಿದರೆ ನಾವೆಲ್ಲಿಗೆ ಹೋಗೋದು?" ಬಾಗಿಲು ತೆರೆದೇ ಇದೆ ಸರ್. ಆದರೆ ಯಾವಾಗ ಮುಚ್ಚುತ್ತದೋ ಅನ್ನುವ ಮನೆಗೆ ಯಾರು ಮಗಳನ್ನು ಕಳಿಸುತ್ತಾರೆ?

ತಲೆ ಎಣಿಸಿದರೆ ಕೊಡಗು ಯಾವಾಗಲೂ ಸೋಲುತ್ತದೆ. 2011ರ ಜನಗಣತಿಯಲ್ಲಿ ನಾವು 5,54,519 ಜನ. 224 ಶಾಸಕರಲ್ಲಿ ನಮ್ಮ ಜಿಲ್ಲೆಯವರು ಇಬ್ಬರು. ರೈಲು ಇಲ್ಲ. ಆದರೆ ಅದೇ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ನಮ್ಮದು ಶೇ. 82.61 ಇತ್ತು. ಓದು ಬೇಡ ಎನ್ನುವ ಜಿಲ್ಲೆ ಇದಲ್ಲ. ಇಷ್ಟು ಕಡಿಮೆ ಮಕ್ಕಳಿಗೆ ಒಂದು ವಿಶ್ವವಿದ್ಯಾಲಯ ಯಾಕೆ ಅಂತ ಕೇಳುತ್ತಾರೆ. ಊರುಗಳು ಗುಡ್ಡಕ್ಕೊಂದು ಚದುರಿರುವ, ಮಳೆಗಾಲದಲ್ಲಿ ದಾರಿ ನಂಬಲಾಗದ ಜಿಲ್ಲೆಗೇ ಅದು ಹತ್ತಿರ ಇರಬೇಕಾದ್ದು.

ಹತ್ತಿರ ಇದ್ದರೆ ಮಾತ್ರ ಸಾಲದು, ಅಲ್ಲಿ ಕಲಿಸುವುದಕ್ಕೂ ಅರ್ಥ ಇರಬೇಕು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮಲ್ಲಿ ಬೆಳೆಯುತ್ತದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರ ಇದೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ. ಕಾಫಿ ಕೊಯ್ದು ಕೈ ಕಪ್ಪಾದ ತಾಯಂದಿರ ಮಕ್ಕಳು ಅದೇ ಕಾಫಿಯ ರುಚಿ ನೋಡಿ ದರ್ಜೆ ಹೇಳುವುದನ್ನು ಇಲ್ಲೇ ಕಲಿಯಬಹುದಲ್ವಾ? ಗುಡ್ಡ ಯಾಕೆ ಜಾರುತ್ತದೆ, ಎಲ್ಲಿ ಮನೆ ಕಟ್ಟಬಾರದು ಎಂದು ಓದಲು ಇದಕ್ಕಿಂತ ಸರಿಯಾದ ಜಾಗ ಯಾವುದಿದೆ? ಇಂಥ ಕೋರ್ಸು ಮಾಡಿದವರು ಕೆಲಸಕ್ಕೆ ಬೆಂಗಳೂರಿಗೇ ಓಡಬೇಕಾಗಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಕೊಡಗು ವಿಶ್ವವಿದ್ಯಾಲಯ ಇರುತ್ತದೆ ಎಂದು ನಿಮ್ಮ ಸಹಿ ಹಾಕಿ ಒಂದು ಕಾಗದ ಕೊಡಿ. ಅದನ್ನು ನಾನು ಪ್ರಿಂಟ್ ತೆಗೆದು ಅಂಗಡಿಯ ಗೋಡೆಗೆ ಅಂಟಿಸುತ್ತೇನೆ. ವರ್ಷ ವರ್ಷವೂ ಅತಿಥಿ ಉಪನ್ಯಾಸಕರನ್ನೇ ನಂಬಿಕೊಂಡು ಕಾಲೇಜು ನಡೆಸುವುದನ್ನು ಬಿಟ್ಟು ಕಾಯಂ ಉಪನ್ಯಾಸಕರನ್ನು ಕೊಡಿ. ಹೆಣ್ಣುಮಕ್ಕಳ ಹಾಸ್ಟೆಲ್ ಸೀಟು ಜಾಸ್ತಿ ಮಾಡಿ.

ಆಮೇಲೆ ಬಸ್ಸು. ಇದು ನಿಮ್ಮ ಇಲಾಖೆಯದ್ದಲ್ಲ ಅಂತ ಗೊತ್ತು. ಆದರೂ ನಿಮಗೇ ಬರೆಯುತ್ತಿದ್ದೇನೆ, ಯಾಕೆಂದರೆ ಇಲ್ಲಿ ಸೀಟು ಸಿಕ್ಕಿದರೂ ಬಸ್ಸಿಲ್ಲದೆ ಓದು ಮುಂದುವರಿಯುವುದಿಲ್ಲ. ಶಕ್ತಿ ಯೋಜನೆ ಬಂದಮೇಲೆ ಮೇನ್ ರೋಡಿನ ಹೆಣ್ಣುಮಕ್ಕಳಿಗೆ ನಿಜವಾಗಿ ಒಳ್ಳೆಯದಾಗಿದೆ. ಆದರೆ ಕೊಡಗಿನ ಒಳಗಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿ ನಡೆಯುವುದಿಲ್ಲ, ದುಡ್ಡು ಕೊಟ್ಟೇ ಹೋಗಬೇಕು. ಸಾರಿಗೆ ಸಚಿವರ ಜೊತೆ ಒಮ್ಮೆ ಕೂತು ಮಾತಾಡಿ. ಕಾಲೇಜು ಬಿಡುವ ಹೊತ್ತು, ಬಸ್ ಹೊರಡುವ ಹೊತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಲ್ಯಾಬ್ ಮುಗಿದ ಅರ್ಧ ಗಂಟೆಗೆ ಒಂದು ಸರ್ಕಾರಿ ಬಸ್ ಹೊರಟರೆ ಸಾಕು. ಕತ್ತಲಾಗುವ ಮೊದಲು ಮಕ್ಕಳು ಮನೆ ಸೇರುತ್ತಾರೆ.

ಮೊನ್ನೆ ಆ ಹುಡುಗಿ ನೋಟ್ಸ್ ಝೆರಾಕ್ಸ್ ಮಾಡಿಸಲು ಬಂದಿದ್ದಳು. ಓದು ಚೆನ್ನಾಗಿ ನಡೆಯುತ್ತಿದೆಯಂತೆ. ದುಡ್ಡು ಕೊಟ್ಟು ಹೊರಟವಳು ಬಾಗಿಲಲ್ಲಿ ನಿಂತಳು. "ಅಕ್ಕ, ಮುಂದಿನ ವರ್ಷ ನನ್ನ ತಂಗಿದು ಪಿಯುಸಿ ಮುಗಿಯುತ್ತೆ. ಅವಳಿಗೂ ಕೆಮಿಸ್ಟ್ರಿನೇ ಇಷ್ಟ. ಅಷ್ಟರಲ್ಲಿ ಬಸ್ ಬರುತ್ತಾ?"

ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಇಂತಿ ನಮಸ್ಕಾರಗಳೊಂದಿಗೆ,
ಸುಂಟಿಕೊಪ್ಪದ ಒಬ್ಬ ಕಂಪ್ಯೂಟರ್ ಅಂಗಡಿಯವಳು