ಆ ಚಿತ್ರದ ಯೇಸು ಎಲ್ಲಿಂದ ಬಂದ?

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಮಾರ್ಮನ್ ಸಭೆಯವರು ತೆಗೆದ, ಯೇಸು ಪುರಾತನ ಅಮೆರಿಕಕ್ಕೂ ಬಂದನೆಂದು ತೋರಿಸುವ ಚಿತ್ರದ ಬಗ್ಗೆ ಓದುಗರ ಪುಟದಲ್ಲಿ ಬಂದ ಪತ್ರಗಳನ್ನು ನೋಡಿದೆ. ಒಬ್ಬರು ಕೊನೆಯ ದೃಶ್ಯಕ್ಕೆ ಕಣ್ಣೊರೆಸಿಕೊಂಡಿದ್ದಾರೆ. ಇನ್ನೊಬ್ಬರು ಇದು ಬೈಬಲ್ಲಿಗೆ ಬಗೆದ ದ್ರೋಹ ಎಂದಿದ್ದಾರೆ. ಮತ್ತೊಬ್ಬರು ಯೇಸುವಿನ ಕಾಲಕ್ಕೆ ಅಮೆರಿಕದಲ್ಲಿ ಪಿರಮಿಡ್ಡೇ ಇರಲಿಲ್ಲ ಎಂದು ಸವಾಲು ಹಾಕಿದ್ದಾರೆ. ಮೂರನೆಯವರ ಮಾತು ತಪ್ಪು, ಎರಡನೆಯವರದು ಅರ್ಧ ಸರಿ. ಮೊದಲನೆಯವರ ಕಣ್ಣೀರಿನ ಬಗ್ಗೆ ಹೇಳುವುದು ಬಹಳ ಇದೆ.

ಮೂವರೂ ಹೇಳುತ್ತಿರುವುದು 'ದಿ ಟೆಸ್ಟಮೆಂಟ್ಸ್ ಆಫ್ ಒನ್ ಫೋಲ್ಡ್ ಅಂಡ್ ಒನ್ ಶೆಫರ್ಡ್' ಎಂಬ ಚಿತ್ರದ ವಿಷಯ. 2000ದ ಮಾರ್ಚ್‌ನಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಇದರ ಪ್ರದರ್ಶನ ಶುರುವಾಯಿತು. ನಿರ್ದೇಶಕ ಕೀತ್ ಮೆರಿಲ್, ಅದಕ್ಕೂ ಬಹಳ ಹಿಂದೆಯೇ ಸಾಕ್ಷ್ಯಚಿತ್ರವೊಂದಕ್ಕೆ ಆಸ್ಕರ್ ಪಡೆದಿದ್ದವರು. ಊರೂರಿನ ಟಾಕೀಸಿಗೆ ಹಂಚಲೆಂದು ಮಾಡಿದ ಚಿತ್ರವಲ್ಲ ಇದು. ಹಳೆಯ ಹೋಟೆಲ್ ಯೂಟಾ ಕಟ್ಟಡವನ್ನು ಸಭೆಯವರು 1993ರಲ್ಲಿ ಜೋಸೆಫ್ ಸ್ಮಿತ್ ಸ್ಮಾರಕ ಭವನವಾಗಿ ಮಾರ್ಪಡಿಸಿದರು. ಅದರೊಳಗಿನ ಲೆಗಸಿ ಥಿಯೇಟರಿನ ದೊಡ್ಡ ಪರದೆಗೆಂದು 70 ಎಂ.ಎಂ.ನಲ್ಲಿ ಇದನ್ನು ತಯಾರಿಸಿದರು. ಪ್ರವೇಶಕ್ಕೆ ದುಡ್ಡಿಲ್ಲ. ಹೆಚ್ಚುಕಡಿಮೆ ಆರು ವರ್ಷ ಅದೇ ಪರದೆಯ ಮೇಲೆ ಓಡಿತು. 2005ರ ಕೊನೆಗೆ ಜೋಸೆಫ್ ಸ್ಮಿತ್ ಜೀವನದ ಚಿತ್ರ ಆ ಜಾಗಕ್ಕೆ ಬಂತು.

ಈ ವಿವರ ಯಾಕೆ ಮುಖ್ಯ ಎಂದರೆ, ಆರಂಭದ ಪ್ರೇಕ್ಷಕರಲ್ಲಿ ಬಹುಪಾಲು ಜನ ದೇವಾಲಯ ನೋಡಲು ಯಾತ್ರೆ ಬಂದವರು. ಕುಟುಂಬಸಮೇತ ಬಂದು, ಪಕ್ಕದ ಟೆಂಪಲ್ ಸ್ಕ್ವೇರ್ ಸುತ್ತಿ, ಕತ್ತಲ ಸಭಾಂಗಣದಲ್ಲಿ ಕುಳಿತು ನೋಡಿದವರು. ಹುಂಡಿಗೆ ಕಾಣಿಕೆ ಹಾಕಿ ಗರ್ಭಗುಡಿಯ ಮುಂದೆ ನಿಂತವನಿಗೂ ಅದೇ ಮೂರ್ತಿಯನ್ನು ಮೊಬೈಲಿನಲ್ಲಿ ನೋಡಿದವನಿಗೂ ಆಗುವ ಅನುಭವ ಒಂದೇ ಅಲ್ಲವಲ್ಲ. ಅಂಗೈಯಗಲದ ಪರದೆಯಲ್ಲಿ ತುಣುಕು ನೋಡಿ 'ಇದಕ್ಕೆ ಅಳುವುದೇನಿದೆ' ಎನ್ನುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನು ಗೊಂದಲದ ಮೂಲಕ್ಕೆ ಬರೋಣ. ಒಂದು ಗಂಟೆಗೆ ತುಸು ಹೆಚ್ಚಿರುವ ಈ ಚಿತ್ರದಲ್ಲಿ ನಾಲ್ಕು ಕಡೆಯ ಸರಕು ಸೇರಿದೆ: ಬೈಬಲ್, ಬೈಬಲ್ಲಿನ ಜೊತೆಗೆ ಮಾರ್ಮನ್ನರು ನಂಬುವ ಧರ್ಮಗ್ರಂಥವಾದ ಬುಕ್ ಆಫ್ ಮಾರ್ಮನ್, ಡೆನ್ಮಾರ್ಕಿನ ಚಿತ್ರಕಲೆ ಮತ್ತು ಚಿತ್ರಕಥೆ ಬರೆದವರ ಕಲ್ಪನೆ. ಮೊಸರನ್ನ ಕಲಸಿದ ಮೇಲೆ ಅನ್ನ ಬೇರೆ ಮೊಸರು ಬೇರೆ ಮಾಡುವುದು ಹೇಗೋ ಇದೂ ಹಾಗೆಯೇ. ಆದರೆ ಬೇರ್ಪಡಿಸದೆ ಹೊಗಳಿದರೂ ಬೈದರೂ ಗುರಿ ತಪ್ಪುತ್ತದೆ. ಯಕ್ಷಗಾನ ನೋಡಿ ಬಂದ ಹಿರಿಯರು 'ಇದು ಮೂಲ ಭಾರತದ್ದಲ್ಲ, ಪ್ರಸಂಗಕರ್ತ ಸೇರಿಸಿದ್ದು' ಎಂದು ಥಟ್ಟನೆ ಹೇಳುತ್ತಾರೆ. ಇಲ್ಲಿ ಬೇಕಿರುವುದು ಅದೇ ಬಗೆಯ ಕಣ್ಣು.

ಚಿತ್ರದ ಹೆಸರು ಯೋಹಾನನ ಸುವಾರ್ತೆಯ 10ನೇ ಅಧ್ಯಾಯದ 16ನೇ ವಚನದಿಂದ ಬಂದದ್ದು. ಈ ಹಟ್ಟಿಗೆ ಸೇರದ ಬೇರೆ ಕುರಿಗಳೂ ತನಗಿವೆ ಎಂದು ಯೇಸು ಹೇಳುವ ಜಾಗ. ಉಳಿದ ಸಭೆಗಳವರು ಆ ಬೇರೆ ಕುರಿಗಳೆಂದರೆ ಯೆಹೂದ್ಯರಲ್ಲದ ಜನ ಎಂದು ಓದುತ್ತಾರೆ. ಮಾರ್ಮನ್ನರ ಓದು ಬೇರೆ. 1830ರಲ್ಲಿ ಜೋಸೆಫ್ ಸ್ಮಿತ್ ಪ್ರಕಟಿಸಿದ ಬುಕ್ ಆಫ್ ಮಾರ್ಮನ್‌ನಲ್ಲಿ, 3 ನೀಫೈ ಎಂಬ ಭಾಗದ 15ನೇ ಅಧ್ಯಾಯದಲ್ಲಿ, ಅಮೆರಿಕದ ಜನರಿಗೆ ಯೇಸುವೇ 'ಆ ಕುರಿಗಳು ನೀವೇ' ಎನ್ನುತ್ತಾನೆ. ಈ ಒಂದು ವಚನದ ಮೇಲೆ ಇಡೀ ಚಿತ್ರ ನಿಂತಿದೆ. ಇದನ್ನು ಒಪ್ಪದವರಿಗೆ ಚಿತ್ರದ ಮೊದಲ ಮೆಟ್ಟಿಲೇ ಕಾಲಿಗೆ ಸಿಗುವುದಿಲ್ಲ.

ಅಮೆರಿಕದ ಭಾಗಕ್ಕೆ ಆಧಾರ 3 ನೀಫೈ 8ರಿಂದ 11 ಮತ್ತು 17ನೇ ಅಧ್ಯಾಯಗಳು. ಸುಮಾರು ಮೂರು ಗಂಟೆ ಬಿರುಗಾಳಿ, ಭೂಕಂಪ, ಬೆಂಕಿ. ಆಮೇಲೆ ಮೂರು ದಿನ ದೀಪವೂ ಹತ್ತದಂಥ ಕತ್ತಲು. ಮುಂದೆ ಬೌಂಟಿಫುಲ್ ಎಂಬಲ್ಲಿ ದೇವಾಲಯದ ಬಳಿ ಜನ ಸೇರಿದಾಗ ಮೇಲಿನಿಂದ ಒಂದು ದನಿ. ಎರಡು ಸಲ ಕೇಳಿಸಿದರೂ ಅರ್ಥವಾಗುವುದಿಲ್ಲ, ಮೂರನೆಯ ಸಲ ಅರ್ಥವಾಗುತ್ತದೆ. ಬಿಳಿ ನಿಲುವಂಗಿಯ ಯೇಸು ಇಳಿದು ಬರುತ್ತಾನೆ. ಜನ ಒಬ್ಬೊಬ್ಬರಾಗಿ ಹೋಗಿ ಅವನ ಗಾಯಗಳನ್ನು ಮುಟ್ಟಿ ನೋಡುತ್ತಾರೆ. ಅಲ್ಲಿದ್ದವರು ಸುಮಾರು 2,500 ಮಂದಿ ಎಂದು 17ನೇ ಅಧ್ಯಾಯ ಲೆಕ್ಕ ಕೊಡುತ್ತದೆ. ಕುಂಟರನ್ನೂ ಕುರುಡರನ್ನೂ ಅವನ ಬಳಿಗೆ ಕರೆತರುವುದು, ಮಕ್ಕಳನ್ನು ಒಂದೊಂದಾಗಿ ಎತ್ತಿ ಆಶೀರ್ವದಿಸುತ್ತಾ ಅವನು ಅಳುವುದು, ಎಲ್ಲ ಈ ಅಧ್ಯಾಯದಲ್ಲೇ ಇದೆ.

ಮಗನ ದಾರಿ ಕಾಯುವ, ಬರಲಿರುವ ರಕ್ಷಕ ಮೆಸ್ಸೀಯನ ದಾರಿಯನ್ನೂ ಕಾಯುವ, ಕೊನೆಗೆ ಕಣ್ಣು ಕಳೆದುಕೊಂಡು ಕೂತಾಗ ಯೇಸುವಿನ ಸ್ಪರ್ಶದಿಂದ ಬೆಳಕು ಕಾಣುವ ಮುದುಕ ಹೀಲಮ್ ಮಾತ್ರ ಆ ಗ್ರಂಥದಲ್ಲಿಲ್ಲ. ಅವನ ಮಗ ಜೇಕಬ್, ಮಗನನ್ನು ಸೆಳೆಯುವ ಕೋಹೋರ್ ಕೂಡ ಚಿತ್ರಕಥೆಯ ಸೃಷ್ಟಿ. ಹೆಸರುಗಳನ್ನಷ್ಟೇ ಗ್ರಂಥದಿಂದ ಎರವಲು ಪಡೆದಂತಿದೆ. ಗ್ರಂಥದಲ್ಲಿ ಹೀಲಮ್ ಎಂದು ಹುಡುಕಿದರೆ ಮೊಸಾಯಾ ಎಂಬ ಭಾಗದ 18ನೇ ಅಧ್ಯಾಯ ಸಿಗುತ್ತದೆ. ಅಲ್ಲಿರುವುದು ಯೇಸುವಿಗಿಂತ ಶತಮಾನಕ್ಕೂ ಹಿಂದೆ ದೀಕ್ಷಾಸ್ನಾನ ಪಡೆದ ಬೇರೊಬ್ಬ ಹೀಲಮ್. 3 ನೀಫೈ 7ರಲ್ಲಿ ಬರುವ ಜೇಕಬ್ ಅಂತೂ ಗುಪ್ತಕೂಟ ಕಟ್ಟಿದ ಖಳ. ಕೊನೆಯ ದೃಶ್ಯವನ್ನು ಗ್ರಂಥದ ಪವಾಡವೆಂದು ಸಾಕ್ಷಿ ಹೇಳುವ ಭಕ್ತರೂ ಗ್ರಂಥದ ಸುಳ್ಳೆಂದು ಬೈಯುವ ವಿರೋಧಿಗಳೂ ಇಲ್ಲಿ ಒಟ್ಟಿಗೇ ಎಡವುತ್ತಾರೆ.

ಆದರೂ ಆ ದೃಶ್ಯ ಕಣ್ಣು ತೇವ ಮಾಡುವುದು ನಿಜ. ಅದರ ಕಟ್ಟೋಣ ಹೇಗಿದೆ ನೋಡಿ. ಚಿತ್ರ ಒಮ್ಮೆ ಅಮೆರಿಕ, ಒಮ್ಮೆ ಯೆರೂಸಲೇಮ್ ಎಂದು ಅತ್ತಿತ್ತ ಹೋಗುತ್ತಿರುತ್ತದೆ. ಹಾಗಾಗಿ ಯೇಸುವಿನ ಮುಖ ನಮಗೆ ಮೊದಲಿಂದ ಪರಿಚಯ. ಅವನಿಗಾಗಿ ಕಾದಿರುವ ಹೀಲಮ್‌ಗೆ ಪರಿಚಯವಿಲ್ಲ. ಆ ಮುಖ ಎದುರಿಗೆ ಬರುವ ಹೊತ್ತಿಗೆ ಮುದುಕನಿಗೆ ಕಣ್ಣಿಲ್ಲ. ನಾವು ಕಾಣುತ್ತಿದ್ದೇವೆ, ಜನ್ಮವಿಡೀ ಕಾದವನಿಗೆ ಕಾಣುತ್ತಿಲ್ಲ. ಈ ಅಂತರ ಮುಚ್ಚಲಿ ಎಂದು ನೋಡುಗನ ಮನಸ್ಸು ತಾನಾಗಿ ಹಾತೊರೆಯುತ್ತದೆ. ಸಂಗೀತ ಏರುತ್ತದೆ, ಕ್ಯಾಮೆರಾ ಮುಖದ ಹತ್ತಿರ ನಿಲ್ಲುತ್ತದೆ, ಕೈ ಕಣ್ಣಿನ ಮೇಲೆ ಬರುತ್ತದೆ. ಯಾವ ಮತದವನೇ ಆಗಲಿ, ಅಪ್ಪನೊಬ್ಬ ಕಾಯುವ ಕತೆಗೆ ಗಂಟಲು ಕಟ್ಟದವರು ಕಡಿಮೆ.

ತಕರಾರು ಶುರುವಾಗುವುದು ಆ ಕಣ್ಣೀರಿಗೆ ಏನು ಅರ್ಥ ಕೊಡುತ್ತೇವೆ ಎಂಬಲ್ಲಿ. ಬುಕ್ ಆಫ್ ಮಾರ್ಮನ್‌ನ ಕೊನೆಯ ಅಧ್ಯಾಯದಲ್ಲಿ, ಮೊರೋನೈ 10:4ರಲ್ಲಿ, ಒಂದು ವಾಗ್ದಾನವಿದೆ: ಇದು ನಿಜವೋ ಎಂದು ಮನಃಪೂರ್ವಕವಾಗಿ ದೇವರನ್ನೇ ಕೇಳಿದರೆ ಪವಿತ್ರಾತ್ಮನು ತಿಳಿಸುವನು. ಅವರ ಇನ್ನೊಂದು ಗ್ರಂಥ 'ಡಾಕ್ಟ್ರಿನ್ ಅಂಡ್ ಕವನೆಂಟ್ಸ್'ನ 9ನೇ ಪ್ರಕರಣ ಎದೆಯೊಳಗಿನ ಬೆಚ್ಚನೆಯ ಉರಿಯನ್ನು ಸರಿಯಾದುದರ ಗುರುತು ಎನ್ನುತ್ತದೆ. ಆದ್ದರಿಂದ ಚಿತ್ರಮಂದಿರದಲ್ಲಿ ಎದೆ ತುಂಬಿ ಬಂದರೆ ಆ ಸಭೆಯವರಿಗೆ ಅದು ಬರೀ ಭಾವುಕತೆಯಲ್ಲ, ಸಾಕ್ಷಿ. ಸಭೆ ಬಿಟ್ಟು ಹೊರಬಂದವರ ಟೀಕೆಯೂ ಇದೇ ಜಾಗಕ್ಕೆ ಬಂದು ನಾಟುತ್ತದೆ: ಬೇರೆ ಒಳ್ಳೆಯ ಚಿತ್ರ ನೋಡಿದಾಗಲೂ ಎದೆ ಹೀಗೇ ತುಂಬುತ್ತದೆ, ಹಾಗಾದರೆ ಅದು ಯಾವುದಕ್ಕೆ ಸಾಕ್ಷಿ? ನನಗೆ ಈ ಪ್ರಶ್ನೆ ನ್ಯಾಯವಾದದ್ದೇ ಅನ್ನಿಸುತ್ತದೆ. ಹಾಗೆಂದು ಅತ್ತವರು ಮೋಸಹೋದರು ಎನ್ನುವುದು ಒರಟುತನ.

ಯೇಸುವಿನ ರೂಪದ ಬಗ್ಗೆ ಬರುವ ದೂರು ಹಳೆಯದು: ಯೆಹೂದ್ಯನಾಗಿ ಹುಟ್ಟಿದವನು ಯುರೋಪಿನವನಂತೆ ಯಾಕಿದ್ದಾನೆ? ಉತ್ತರ ಡೆನ್ಮಾರ್ಕಿನಲ್ಲಿದೆ. ಪಾತ್ರ ಮಾಡಿದ ಟೋಮಸ್ ಕೋಫೋಡ್ ಡೆನ್ಮಾರ್ಕಿನ ನಟ. ಯೆರೂಸಲೇಮಿನ ಹಲವು ದೃಶ್ಯಗಳನ್ನು ಅದೇ ದೇಶದ ಕಾರ್ಲ್ ಬ್ಲಾಕ್‌ನ ವರ್ಣಚಿತ್ರಗಳ ಪಡಿಯಚ್ಚಿನಂತೆ ಜೋಡಿಸಲಾಗಿದೆ. ಬ್ಲಾಕ್ 1865ರಿಂದ 1879ರವರೆಗೆ ಫ್ರೆಡರಿಕ್ಸ್‌ಬೋರ್ಗ್ ಅರಮನೆಯ ಪ್ರಾರ್ಥನಾಮಂದಿರಕ್ಕೆ ಕ್ರಿಸ್ತನ ಜೀವನದ 23 ಚಿತ್ರ ಬರೆದ. ಮಾರ್ಮನ್ ಪತ್ರಿಕೆ, ಪುಸ್ತಕ, ಗೋಡೆಗಳ ಮೇಲೆಲ್ಲ ಅವು ದಶಕಗಳಿಂದ ಇವೆ. ಸಭೆಯವರು 2020ರಲ್ಲಿ ತಮ್ಮ ಲಾಂಛನದಲ್ಲಿ ಸೇರಿಸಿಕೊಂಡ, ಕೈಚಾಚಿ ನಿಂತ ಕ್ರಿಸ್ತನ ಪ್ರತಿಮೆಯ ಮೂಲವೂ ಕೋಪನ್‌ಹೇಗನ್ನಿನ ಚರ್ಚಿನದು, ಕೆತ್ತಿದವ ಥೋರ್ವಾಲ್ಡ್ಸೆನ್. ರವಿವರ್ಮನ ಕ್ಯಾಲೆಂಡರ್ ನೋಡಿ ಬೆಳೆದ ನಮಗೆ ಸರಸ್ವತಿ ಎಂದರೆ ಆ ಮುಖವೇ ಕಣ್ಮುಂದೆ ಬರುವಂತೆ, ಅವರಿಗೆ ಯೇಸು ಎಂದರೆ ಈ ಮುಖ. ಬ್ಲಾಕ್‌ನ ಚಿತ್ರಗಳನ್ನು ಪಕ್ಕಕ್ಕಿಟ್ಟುಕೊಂಡು ಸಿನಿಮಾ ನೋಡಿದರೆ ಬಟ್ಟೆಯ ಮಡಿಕೆ, ಬೆಳಕು ಬೀಳುವ ದಿಕ್ಕು, ನಿಂತ ಭಂಗಿ ತಾಳೆಯಾಗುವುದು ಕಾಣುತ್ತದೆ. ನನ್ನ ಮಟ್ಟಿಗೆ ಚಿತ್ರದ ಅತ್ಯುತ್ತಮ ಭಾಗ ಇದು, ಅತಿ ಕಡಿಮೆ ಚರ್ಚೆಯಾದದ್ದೂ ಇದೇ.

ಪಿರಮಿಡ್ಡಿನ ಸವಾಲಿಗೆ ಉತ್ತರ. ಚಿಚೆನ್ ಇಟ್ಸಾದ ಪ್ರಸಿದ್ಧ ಪಿರಮಿಡ್ ಯೇಸುವಿಗೆ ನೂರಾರು ವರ್ಷ ಈಚಿನದು, ಸರಿ. ಮಧ್ಯ ಅಮೆರಿಕದ ಮಾಯಾ ನಾಗರಿಕತೆಯ ಉಚ್ಛ್ರಾಯದ ಕಾಲ ಎಂದು ಕರೆಯುವುದು ಕ್ರಿ.ಶ. 250ರಿಂದ 900, ಅದೂ ಸರಿ. ಆದರೆ ಗ್ವಾಟೆಮಾಲದ ಎಲ್ ಮಿರಾಡೋರ್‌ನಲ್ಲಿ ಯೇಸು ಹುಟ್ಟುವ ಮೊದಲೇ ಎದ್ದ, ಸುಮಾರು 70 ಮೀಟರ್ ಎತ್ತರದ ಲಾ ಡಾಂಟಾ ಇದೆ. ಆದ್ದರಿಂದ ಆ ಕಾಲಕ್ಕೆ ಪಿರಮಿಡ್ ತೋರಿಸಿದ್ದು ತಪ್ಪಲ್ಲ. ಆಕ್ಷೇಪ ಎತ್ತುವುದಾದರೆ ಗ್ರಂಥದ ಕುದುರೆ, ಉಕ್ಕುಗಳ ಮೇಲೆ ಎತ್ತಬೇಕು. ಅಮೆರಿಕದ ಕುದುರೆಗಳು ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅಳಿದುಹೋಗಿ, ಮತ್ತೆ ಬಂದದ್ದು ಸ್ಪೇನಿನವರ ಹಡಗಿನಲ್ಲಿ. ಗ್ರಂಥದ ಊರುಗಳು ಇಂಥಲ್ಲೇ ಇದ್ದವು ಎಂಬ ಅಧಿಕೃತ ನಿಲುವು ಸಭೆಗೇ ಇಲ್ಲ. ಗ್ರಂಥದಲ್ಲಿ ಬರುವ ಜನ ಅಮೆರಿಕದ ಮೂಲನಿವಾಸಿಗಳ 'ಮುಖ್ಯ ಪೂರ್ವಜರು' ಎಂದಿದ್ದ ಅದರ ಮುನ್ನುಡಿಯ ಮಾತು ಕೂಡ 'ಪೂರ್ವಜರಲ್ಲಿ ಸೇರಿದವರು' ಎಂದು ಬದಲಾಗಿದೆ. ಹಾಗಿದ್ದೂ ಪರದೆಯ ಮೇಲೆ ಮಾಯಾ ಕಟ್ಟಡಗಳನ್ನು ಕಂಡವರಿಗೆ ಅದೇ ಇತಿಹಾಸ ಎಂದು ಮನಸ್ಸಿನಲ್ಲಿ ಅಚ್ಚಾಗುತ್ತದೆ. ಈ ಅಪಾಯವನ್ನು ಸಭೆಯೊಳಗಿನ ವಿದ್ವಾಂಸರೂ ಬಲ್ಲರು.

ದ್ರೋಹ ಎಂದವರ ಮಾತು ಅರ್ಧ ಸರಿ ಎಂದೆ. ಯೇಸು ಅಮೆರಿಕಕ್ಕೆ ಹೋದ ಸಂಗತಿ ಬೈಬಲ್ಲಿನಲ್ಲಿ ಇಲ್ಲವೇ ಇಲ್ಲ. ಆದರೆ ನಿಜವಾದ ಬಿರುಕು ಅದಕ್ಕಿಂತ ಆಳದ್ದು. ಮೇಲಿನಿಂದ ತಂದೆಯ ದನಿ, ಕೆಳಗೆ ಇಳಿಯುವ ಮಗ: ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಇದನ್ನು ತ್ರಯೈಕ್ಯದ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆಯ, ಚೌಕಟ್ಟಿನಲ್ಲಿ ನೋಡುತ್ತಾರೆ. ಮಾರ್ಮನ್ನರಿಗೆ ತಂದೆ, ಮಗ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು, ಇಬ್ಬರಿಗೂ ಶರೀರವಿದೆ. ಒಂದೇ ದೃಶ್ಯ, ಎರಡು ದೇವಶಾಸ್ತ್ರ. ಮಾರ್ಮನ್ ದೀಕ್ಷಾಸ್ನಾನ ಸಿಂಧುವಲ್ಲ ಎಂದು ವ್ಯಾಟಿಕನ್ 2001ರ ಜೂನ್‌ನಲ್ಲಿ ತೀರ್ಮಾನಿಸಿದ್ದು ಈ ಕಾರಣಕ್ಕೇ ಹೊರತು, ಕೆಲವರು ಊಹಿಸುವಂತೆ ಹಿಂದಿನ ವರ್ಷ ಬಂದ ಈ ಚಿತ್ರದಿಂದಲ್ಲ. ಅವರ ಆರಾಧನಾ ಮಂದಿರಗಳಲ್ಲಿ ಶಿಲುಬೆ ಕಾಣದು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಪಟ್ಟ ಯಾತನೆಗೆ ಅವರು ಕೊಡುವ ತೂಕ ನಮ್ಮ ಶುಭ ಶುಕ್ರವಾರದ ಆಚರಣೆಗಳಲ್ಲಿ ಕಾಣುವುದಕ್ಕಿಂತ ಹೆಚ್ಚು. ಬಹುಪತ್ನಿತ್ವವನ್ನು ಈ ಚರ್ಚೆಗೆ ಎಳೆತರುವವರಿದ್ದಾರೆ. 1890ರಲ್ಲೇ ಸಭೆ ಅದನ್ನು ಕೈಬಿಡುವುದಾಗಿ ಘೋಷಿಸಿತು, ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಗೊಂದಲ ಈಚಿನದು. ಯೇಸುವಿನ ಜೀವನದ ಮೇಲಿನ 'ದಿ ಚೋಸನ್' ಎಂಬ ಧಾರಾವಾಹಿ ಸರಣಿಯನ್ನೂ ಮಾರ್ಮನ್ ಚಿತ್ರ ಎನ್ನುವವರು ಹಲವರು. ಅದರ ನಿರ್ದೇಶಕ ಡಲ್ಲಾಸ್ ಜೆಂಕಿನ್ಸ್ ಇವ್ಯಾಂಜೆಲಿಕಲ್ ಕ್ರೈಸ್ತ. ಎರಡನೆಯ ಭಾಗದ ಚಿತ್ರೀಕರಣ ಯೂಟಾದ ಗೋಷೆನ್‌ನಲ್ಲಿ ಮಾರ್ಮನ್ ಸಭೆ ಕಟ್ಟಿಸಿದ ಯೆರೂಸಲೇಮ್ ಸೆಟ್ಟಿನಲ್ಲಿ ನಡೆಯಿತು. ಮೊದಲು ಹಂಚಿಕೆ ಮಾಡಿದ ಕಂಪನಿ ಮಾರ್ಮನ್ ಸೋದರರದು. ಮೂರನೆಯ ಭಾಗದ ಟ್ರೇಲರಿನಲ್ಲಿ ಯೇಸು 'ನಾನೇ ಮೋಶೆಯ ಧರ್ಮಶಾಸ್ತ್ರ' ಎಂದಾಗ, ಇದು 3 ನೀಫೈ 15:9ರಿಂದ ಎತ್ತಿದ್ದು ಎಂದು ಗಲಾಟೆ ಎದ್ದಿತು, ಜೆಂಕಿನ್ಸ್ ಅಲ್ಲಗಳೆದರು. ಗೋಷೆನ್ ಸೆಟ್ಟಿನಲ್ಲೇ ಸಭೆಯವರು 2011ರಿಂದ ಬಿಡುತ್ತಿರುವ ಬೈಬಲ್ ವಿಡಿಯೊಗಳನ್ನೂ ತೆಗೆದಿದ್ದಾರೆ. ಗುಡ್ ಫ್ರೈಡೇ ಹತ್ತಿರ ಬಂದಾಗ ಯಾರೋ ಅದರ ತುಣುಕು ಕತ್ತರಿಸಿ, ಮೂಲದ ಹೆಸರು ಅಳಿಸಿ, ಮೇಲೊಂದು ಹಾಡು ಹಾಕಿ ಹರಿಯಬಿಟ್ಟರೆ ಯಾರ ಚಿತ್ರ ಯಾರದೆಂದು ತಿಳಿಯುವುದಾದರೂ ಹೇಗೆ? ಕಲ್ಲಿನ ಗೋಡೆ ಒಂದೇ ಎಂದ ಮಾತ್ರಕ್ಕೆ ಚಿತ್ರ ಒಂದೇ ಅಲ್ಲ. ಪೂರ್ತಿ ವಿಡಿಯೊ ಹುಡುಕಿ, ಕೊನೆಯ ಹಕ್ಕುಸ್ವಾಮ್ಯದ ಸಾಲು ಓದಬೇಕು.

ನಮ್ಮಲ್ಲಿ ಈ ಮಾತಿಗೆ ಈಗ ಸಂದರ್ಭವೂ ಇದೆ. ಭಾರತದಲ್ಲಿ ಈ ಸಭೆಯ ಮೊದಲ ದೇವಾಲಯ ಬೆಂಗಳೂರಿನಲ್ಲಿ ಎಂದು 2018ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ, 2020ರ ಡಿಸೆಂಬರ್ 2ರಂದು ಗುದ್ದಲಿಪೂಜೆಯಂಥ ಕಾರ್ಯಕ್ರಮ ನಡೆಯಿತು. ಅದೇ 2018ರಲ್ಲಿ ಸಭೆಯ ಅಧ್ಯಕ್ಷರು ತಮ್ಮನ್ನು ಮಾರ್ಮನ್ ಎನ್ನದೆ ಪೂರ್ಣ ಹೆಸರಿನಿಂದ ಕರೆಯಬೇಕೆಂದು ಕೋರಿದರು. ಈ ಪತ್ರದಲ್ಲಿ ಹಳೆಯ ಹೆಸರನ್ನೇ ಬಳಸಿದ್ದು ಓದುಗರಿಗೆ ಗುರುತು ಸಿಗಲೆಂದು ಮಾತ್ರ.

ಚಿತ್ರವನ್ನು ಮತ್ತೊಮ್ಮೆ ನೋಡುವವರು 3 ನೀಫೈ 8, 11, 17 ಈ ಮೂರು ಅಧ್ಯಾಯಗಳನ್ನು ಮೊದಲು ಓದಿಕೊಳ್ಳಲಿ. ಒಂದು ಸಂಜೆಗೆ ಮುಗಿಯುತ್ತದೆ. 9ನೇ ಅಧ್ಯಾಯ ಬಿಟ್ಟರೂ ಕತೆ ತಿಳಿಯುತ್ತದೆ. ಆದರೆ ಊರುಗಳನ್ನು ಸುಟ್ಟದ್ದೂ ಮುಳುಗಿಸಿದ್ದೂ ತಾನೇ ಎಂದು ಯೇಸುವಿನ ದನಿ ಒಂದೊಂದೇ ಊರಿನ ಹೆಸರು ಹಿಡಿದು ಹೇಳುವುದು ಅಲ್ಲಿ. ಮಕ್ಕಳನ್ನು ಎತ್ತಿಕೊಂಡು ಅತ್ತವನ ದನಿಯೇ ಅದು ಕೂಡ. ಪತ್ರ ಬರೆದ ಮೂವರಲ್ಲಿ ಒಬ್ಬರೂ ಈ ಅಧ್ಯಾಯದ ಸುದ್ದಿ ಎತ್ತಿಲ್ಲ.

ಇಂತಿ,
ನಿಮ್ಮ ಓದುಗ
ಮಂಗಳೂರು